ಅಕ್ಕನ ಹಿತ್ತಲಿನ ಅಂಜೂರ

ಒಂದು ಕಡೆ ಸುಮ್ಮನೆ ಕೂಡುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಅವ್ವ ನನ್ನನ್ನು ಬಾಲ ಸುಟ್ಟ ಬೆಕ್ಕು ಅನ್ನುತ್ತಿದ್ದಳು. ಕಾಗವಾಡದ ಕಡೆ ದ್ರಾಕ್ಷಿ ಬೆಳೆಯುವವರಲ್ಲಿ ಇದೇನು ದೊಡ್ಡ ದೋಷವಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿ ಚಾಟಣಿ ಮಾಡಿದ ದಿನದಿಂದ ನಾವು ದಿನ ಎಣಿಸುತ್ತೇವೆ. ಇಬ್ಬರು ದ್ರಾಕ್ಷಿಯವರು ಚಹದಂಗಡಿಯಲ್ಲಿ ಎದುರಾದರೆ ಮೊದಲು ಕೇಳುವುದು ಮನೆಮಂದಿಯ ಆರೋಗ್ಯವಲ್ಲ, "ನಿನ್ನ ತ್ವಾಟಕ್ಕ ಎಷ್ಟ ದಿನ ಆದೂವು?" ಅಂತ. ಇಷ್ಟನೇ ದಿನಕ್ಕೆ ಔಷಧಿ ಹೊಡೆಯುವುದು, ಇಷ್ಟನೇ ದಿನಕ್ಕೆ ಕಾಯಿ ದಪ್ಪಗಾಗಲೆಂದು ಗೊನೆಯನ್ನು ಔಷಧಿ ನೀರಿನಲ್ಲಿ ಅದ್ದುವುದು. ಬಳ್ಳಿ ತಾನಾಗಿ ಏನಾದರೂ ಮಾಡೀತು ಅಂತ ನಮ್ಮಲ್ಲಿ ಯಾರೂ ಕಾಯುವುದಿಲ್ಲ.

ನಮ್ಮ ಬಾವಿಯ ದಂಡೆಯಲ್ಲಿ ಅವ್ವ ಹಚ್ಚಿದ ಒಂದು ಅಂಜೂರದ ಗಿಡವಿತ್ತು. ಅವ್ವ ತೀರಿದ ವರ್ಷ ದೀಪಾವಳಿಯ ಭಾವುಬೀಜದ ಹಬ್ಬಕ್ಕೆ ಅಕ್ಕನ ಮನೆಗೆ ಹೋದೆ. ಅವಳನ್ನು ನಿಪ್ಪಾಣಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಆರತಿ ಎತ್ತಿದ ಮೇಲೆ ಸೀರೆ ಮುಂದಿಟ್ಟರೆ ಅದನ್ನು ಹಿಂದಕ್ಕೆ ಸರಿಸಿದಳು.

"ಸೀರಿ ಬ್ಯಾಡೋ ತಮ್ಮಾ. ಅವ್ವನ ಅಂಜೂರದ್ದೊಂದು ಟೊಂಗಿ ತಂದುಕೊಡು."

ವಾರದೊಳಗೆ ಒಯ್ದು ಕೊಟ್ಟೆ. ಬಚ್ಚಲಿನ ಗೋಡೆ ಹಿಂದೆ ಹಚ್ಚು, ನೀರು ಕಾಯಿಸುವ ಒಲೆಯ ಕಾವು ಸಿಗುತ್ತದೆ ಅಂದಳು. ನಾನು ನಕ್ಕೆ. "ಗಿಡಕ್ಕ ಬಿಸಲ ಬೇಕು ಬೇ, ಬಚ್ಚಲ ಅಲ್ಲ" ಅಂದು, ಹಿತ್ತಲಿನ ನಟ್ಟನಡುವೆ ಬಯಲಿನಲ್ಲಿ ಹಚ್ಚಿ ಬಂದೆ.

ಮುಂದಿನ ಬೇಸಿಗೆಯಲ್ಲಿ ಬಾವಿ ದಂಡೆಯ ಗಿಡವನ್ನು ಕಡಿಸಿದೆ. ಅಂಜೂರ ತಿನ್ನಲು ಬಂದ ಹಕ್ಕಿಗಳು ಹಾಗೇ ದ್ರಾಕ್ಷಿಗೂ ಇಳಿಯುತ್ತಿದ್ದವು. ಒಂದು ಮುಂಜಾನೆಯ ಕೆಲಸ. ಪಂಚಮಿಗೆ ತವರಿಗೆ ಬಂದ ಅಕ್ಕ ಆ ಮೋಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಒಳಗೆ ಬಂದು ಚಹ ಕುಡಿದಳು. ಬೈದಿದ್ದರೆ ನಾನೂ ಎದುರು ಬೈದು ಅಲ್ಲಿಗೇ ಮುಗಿಸುತ್ತಿದ್ದೆ. ಅವಳು ಬೈಯಲಿಲ್ಲ. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಅವ್ವನ ಗಿಡ ಅಂತ ಉಳಿದದ್ದು ಅಕ್ಕನ ಹಿತ್ತಲಿನಲ್ಲಿ ಮಾತ್ರ. ಅದು ಹಣ್ಣು ಕೊಟ್ಟರೆ ನನ್ನ ತಪ್ಪು ಅರ್ಧವಾದರೂ ಕಳೆದೀತು ಅನ್ನುವ ಆಸೆ ನನ್ನದು.

ಮೂರನೇ ವರ್ಷ ಮೈತುಂಬ ಕಾಯಿ ಹಿಡಿಯಿತು. ಆದರೆ ನಿಪ್ಪಾಣಿ ಕಾಗವಾಡವಲ್ಲ. ದೀಪಾವಳಿ ಮುಗಿದದ್ದೇ ತಡ ಘಟ್ಟದ ಕಡೆಯಿಂದ ಥಂಡಿ ಗಾಳಿ ಬೀಸುತ್ತದೆ, ಪುಷ್ಯದಲ್ಲಂತೂ ಬೆಳಿಗ್ಗೆ ಹತ್ತು ಗಂಟೆಯಾದರೂ ಸ್ವೆಟರ್ ತೆಗೆಯಲು ಮನಸ್ಸಾಗುವುದಿಲ್ಲ. ಕಾಯಿಗಳು ಲಿಂಬೆಯಷ್ಟಾಗಿ ಹಸಿರಾಗಿಯೇ ನಿಂತವು, ಹಾಗೇ ಉದುರಿದವು. ನಾನು ದಿನಾ ಫೋನ್ ಮಾಡುತ್ತಿದ್ದೆ.

"ಬಣ್ಣ ತಿರಗ್ಯಾವೇನು?"

"ಇಲ್ಲೋ. ಬರೂ ಹೊತ್ತಿಗೆ ಬರತಾವ. ಅವು ನಿನ್ನ ದ್ರಾಕ್ಷಿ ಅಲ್ಲ."

ಮರುವರ್ಷವೂ ಕಾಯಿ ಹಸಿರಾಗಿಯೇ ನಿಂತಾಗ ನನ್ನಿಂದ ತಡೆಯಲಾಗಲಿಲ್ಲ. ಚಾಕು ಕಿಸೆಯಲ್ಲಿಟ್ಟುಕೊಂಡು ಅಂಕಲಿ, ಚಿಕ್ಕೋಡಿ ದಾಟಿ ಮೋಟಾರ್ ಸೈಕಲ್ ಮೇಲೆ ಹೋದೆ. ದ್ರಾಕ್ಷಿಯಲ್ಲಿ ನಾವೊಂದು ಕೆಲಸ ಮಾಡುತ್ತೇವೆ: ಕಾಂಡದ ಸುತ್ತ ಜೋಳದ ಕಾಳಿನಷ್ಟು ಅಗಲ ತೊಗಟೆ ಕೆತ್ತಿ ತೆಗೆಯುತ್ತೇವೆ. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯದೆ ಕಾಯಿಗೇ ಹೋಗುತ್ತದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಅದಕ್ಕ ಚಾಕು ಹಚ್ಚಬ್ಯಾಡೋ."

"ಸಾವಿರ ಬಳ್ಳಿಗೆ ಹಾಕೇನಿ, ಸುಮ್ನಿರ ಬೇ."

ಬಳ್ಳಿಗೆ ಹಾಲಿಲ್ಲ, ಅಂಜೂರಕ್ಕಿದೆ. ಚಾಕು ತಾಗಿದ ಕೂಡಲೇ ಬಿಳಿ ಹಾಲು ಸುರಿದು ಗಾಯದ ಅಂಚೇ ಕಾಣದಾಯಿತು. ಕೆತ್ತಿದ್ದು ಸಾಲಲಿಲ್ಲವೇನೋ ಅಂತ ಇನ್ನೊಂದು ಸುತ್ತು ಕೆತ್ತಿದೆ. ಒರೆಸಿ ನೋಡಿದರೆ ಬೆರಳಗಲ ತೊಗಟೆ ಹೋಗಿತ್ತು.

ಮೂರು ವಾರಕ್ಕೆ ಕಾಯಿ ಮೆತ್ತಗಾದವು, ಬಣ್ಣ ತಿರುಗಿದವು. ಅಕ್ಕ ತಾನಾಗಿಯೇ ಫೋನ್ ಮಾಡಿದಳು. "ಅವ್ವನ ಗಿಡದ್ದ ರುಚಿ ಐತೋ" ಅಂತ ಎರಡೆರಡು ಸಲ ಅಂದಳು. ನಾನು ಚಹದಂಗಡಿಯಲ್ಲಿ ಮೀಸೆ ತಿರುವಿದ್ದೇ ತಿರುವಿದ್ದು. ಆ ತಿಂಗಳು ಚೆನ್ನಾಗಿ ನಿದ್ದೆ ಬಂತು.

ನಮ್ಮ ಸೆಕೆಯಲ್ಲಿ ಬಳ್ಳಿಯ ಗಾಯ ತಿಂಗಳಿಗೆ ಕೂಡಿಕೊಳ್ಳುತ್ತದೆ. ಆ ಥಂಡಿಯಲ್ಲಿ ಅಷ್ಟಗಲದ ಗಾಯ ಕೂಡಲಿಲ್ಲ. ಬೇಸಿಗೆಗೆ ಸಣ್ಣ ಸಣ್ಣ ಎಲೆ ಬಂದವು, ಮುದುಡಿದವು. ಮಳೆಗಾಲದ ಹೊತ್ತಿಗೆ ಗಾಯದ ಮೇಲಿನದೆಲ್ಲ ಕಟ್ಟಿಗೆ. "ಮ್ಯಾಲಿಂದ ಒಣಗೇತಿ" ಅಂದಳು ಅಕ್ಕ, ಅಷ್ಟೇ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಅವ್ವನ ಗಿಡವನ್ನು ಎರಡು ಸಲ ಕೊಂದವನು ನಾನು. ಆಮೇಲೆ ಫೋನಿನಲ್ಲಿ ಗಿಡದ ಮಾತೇ ಎತ್ತಲಿಲ್ಲ, ಭಾವುಬೀಜಕ್ಕೆ ಹೋದರೂ ಹಿತ್ತಲಿಗೆ ಕಾಲಿಡಲಿಲ್ಲ.

ಬೇರು ಸತ್ತಿರಲಿಲ್ಲ ಅನ್ನುವುದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಗಾಯದ ಕೆಳಗಿನಿಂದ ಚಿಗುರು ಹೊಡೆದಿತ್ತಂತೆ. ಅಕ್ಕ ನನಗೆ ಹೇಳದೆ ಅದರಲ್ಲೊಂದು ಟೊಂಗೆಯನ್ನು ಬಚ್ಚಲಿನ ಗೋಡೆ ಹಿಂದೆ ಹಚ್ಚಿ, ಚಳಿಗೆ ಗೋಣಿಚೀಲ ಸುತ್ತಿ, ಕಾದಿದ್ದಳು. ಹಣ್ಣಾದ ಮೇಲೆಯೇ ನನ್ನನ್ನು ಕರೆದದ್ದು.

ಹೋದ ಚಳಿಗಾಲ ಹೋಗಿ ನೋಡಿದೆ. ಊರೆಲ್ಲ ನಡುಗುವ ಹೊತ್ತಿನಲ್ಲಿ ಆ ಮಣ್ಣಿನ ಗೋಡೆ ಅಂಗೈಗೆ ಬೆಚ್ಚಗಿತ್ತು. ಅದಕ್ಕೆ ಒರಗಿದ ಗಿಡದಲ್ಲಿ ಹಣ್ಣು ನೇರಳೆ ಬಣ್ಣಕ್ಕೆ ತಿರುಗಿ ಬಿರಿದಿದ್ದವು. ನಿಂತಲ್ಲೇ ನಾಲ್ಕು ತಿಂದೆ. ಬಾವಿ ದಂಡೆಯ ಮೇಲೆ ಅವ್ವನ ಪಕ್ಕ ಕೂತು ತಿಂದ ಅದೇ ಹಣ್ಣು. ಕಣ್ಣು ತುಂಬಿತು, ಅಕ್ಕನ ಮುಂದೆ ನಾಚಿಕೆಯೇನೂ ಆಗಲಿಲ್ಲ. ಅಷ್ಟಕ್ಕೆ ಕೈ ಒರೆಸಿಕೊಂಡು ಬರಬಹುದಿತ್ತು. ನನಗೆಲ್ಲಿ ಬರಬೇಕು ಆ ಬುದ್ಧಿ.

"ಅಕ್ಕಾ, ಒಂದ ಟೊಂಗಿ ಕೊಡು. ನಮ್ಮ ಬಾವಿ ದಂಡಿಗೆ ಹಚ್ಚತೇನಿ."

ಅಕ್ಕ ನನ್ನ ಹೆಂಡತಿ ಮಕ್ಕಳಿಗೆಂದು ಹಣ್ಣು ಬಿಡಿಸಿ ಡಬ್ಬಿಗೆ ತುಂಬುತ್ತಿದ್ದಳು. ಸಿಟ್ಟಾಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗಿಟ್ಟಳು.

"ಹಣ್ಣ ತಿನ್ನಾಕ ಯಾವಾಗ ಬೇಕಾದ್ರೂ ಬಾರೋ ತಮ್ಮಾ. ಗಿಡ ಮಾತ್ರ ಕೇಳಬ್ಯಾಡ, ನಿನಗ ಕೊಡಂಗಿಲ್ಲ."