ಮೈಯೊಳಗಿನ ಕರೆಂಟು

ಸ್ನಾನ ಮಾಡುವಾಗ ಬಲ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಮಗಳು ಶೋಭಾ ಮೊಲೆ ಬಿಟ್ಟು ಆರು ತಿಂಗಳಾಗಿತ್ತು. ಹಾಲು ಕಟ್ಟಿರಬೇಕು ಅಂದುಕೊಂಡು ಸುಮ್ಮನಾದೆ. ಗಂಟು ಅಡಿಕೆಯಷ್ಟಾದ ಮೇಲೆ ಅತ್ತೆಗೆ ತೋರಿಸಿದೆ. ಅವರು ಅಂದೇ ಮಗನನ್ನು ಹೊಲದಿಂದ ಕರೆಸಿ, ಗುಡಗೇರಿ ಸ್ಟೇಷನ್ನಿನಲ್ಲಿ ನಮ್ಮಿಬ್ಬರನ್ನು ಹುಬ್ಬಳ್ಳಿ ರೈಲು ಹತ್ತಿಸಿದರು.

ಕ್ಯಾನ್ಸರ್.

ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ದಿನ ಪಕ್ಕದ ಕಾಟಿನ ಹೆಂಗಸು ಹೇಳಿದಳು: "ಇನ್ನ ನಿಮಗ ಕರೆಂಟ್ ಕೊಡ್ತಾರ್ರಿ."

ಡಾಕ್ಟರು ರೇಡಿಯೇಷನ್ ಅಂದಿದ್ದರು. ಅದು ನನಗೆ ತಿಳಿದಿರಲಿಲ್ಲ. ಕರೆಂಟು ತಿಳಿಯಿತು. ನಮ್ಮೂರಿಗೆ ಅದು ಬಂದು ವರ್ಷ ತುಂಬಿರಲಿಲ್ಲ. ಬಂದ ತಿಂಗಳೇ ತಂತಿ ಹರಿದು ಬಿದ್ದು ನಮ್ಮ ಓಣಿಯ ಎಮ್ಮೆ ಸತ್ತಿತ್ತು. ಅದನ್ನು ಬಿಡಿಸಲು ಮುಟ್ಟಿದವನೂ ಮಾರುದೂರ ಹೋಗಿ ಬಿದ್ದಿದ್ದ.

ಐದು ವಾರ ಮೆಷಿನ್ನಿನ ಕೆಳಗೆ ಮಲಗಿದೆ. ಆಗ ನೋವೇನೂ ಇರಲಿಲ್ಲ. ಮೂರನೇ ವಾರಕ್ಕೆ ಚರ್ಮ ಕಪ್ಪಾಯಿತು, ಆಮೇಲೆ ಸುಲಿಯಿತು. ಕುಪ್ಪಸ ತಾಗಿದರೆ ಪ್ರಾಣ ಹೋಗುತ್ತಿತ್ತು. ಊಟ ಸೇರದು. ನಾಲ್ಕು ಹೆಜ್ಜೆಗೆ ಸುಸ್ತು. ಮೆಷಿನ್ ಹಚ್ಚುವ ಮೊದಲು ಅದನ್ನು ನಡೆಸುವವರೇ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಅವರೇ ಇಷ್ಟು ಹೆದರುವ ಕರೆಂಟು ದಿನಾ ನನ್ನೊಳಗೆ ಹೋಗುತ್ತಿದೆಯಲ್ಲ, ಅದು ಹೊರಗೆ ಬರುವುದಾದರೂ ಎಲ್ಲಿಂದ ಎಂದು ಮಲಗಿದಲ್ಲೇ ಯೋಚಿಸುತ್ತಿದ್ದೆ.

ಊರಿಗೆ ಬಂದಾಗ ಶೋಭಾ "ಯವ್ವಾ" ಎಂದು ಓಡಿ ಬಂದಳು. ಎರಡೂವರೆ ವರ್ಷದ ಕೂಸು.

"ಮುಟ್ಟಬ್ಯಾಡ! ಕರೆಂಟ್ ಹೊಡೀತೈತಿ!"

ಹಾಗೆ ಚೀರಿದವಳು ನಾನೇ.

ಮನೆಯಲ್ಲಿ ಯಾರೂ ನನ್ನನ್ನು ದೂರ ಇಡಲಿಲ್ಲ. ಅತ್ತೆ ದಿನಾ ತಲೆ ಬಾಚಿ, "ನನಗೇನರ ಆತೇನ, ಹುಚ್ಚಿ?" ಎಂದು ಬೈಯುತ್ತಿದ್ದರು.

"ನೀವು ಗಟ್ಟಿ ಅದೀರಿ ಅತ್ತಿ. ಅದು ಕೂಸು," ಅನ್ನುತ್ತಿದ್ದೆ. ಎಂಥ ಮಳ್ಳಿ ನಾನು! ಮಗಳು ಅತ್ತೆಯ ಮಗ್ಗುಲಲ್ಲಿ ಮಲಗತೊಡಗಿದಳು. ಅವಳ ಲಂಗ ಒಗೆಯುವಾಗ ಮೂಸಿ ನೋಡಿ ಅಳುತ್ತಿದ್ದೆ.

ವರ್ಷದ ಮೇಲೆ ಬಲಗೈ ಊದಿತು. ಬಳೆ ಏರದು, ರೊಟ್ಟಿ ಬಡಿಯಲು ಬಾರದು. ಉಳಿದ ಕರೆಂಟೆಲ್ಲ ಇಲ್ಲಿಯೇ ಬಂದು ಕೂತಿದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಮತ್ತೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರಿಗೂ ಅದನ್ನೇ ಹೇಳಿದೆ.

ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಅಷ್ಟು ಗೌರವ.

"ಬಿಸಲಾಗ ನಿಂತು ಮನಿಯೊಳಗ ಬಂದ್ರ ಬಿಸಲು ನಿಮ್ಮ ಸಂಗಾಟ ಬರ್ತದೇನ್ರಿ? ಮೈ ಸುಟ್ಟಿರ್ತದ, ಅಷ್ಟ. ಮೆಷಿನ್ ಬಂದ್ ಆತು, ಅಲ್ಲಿಗೆ ಮುಗೀತು."

"ಮತ್ತ ಈ ಬಾವು?"

"ಆಪರೇಷನ್ದಾಗ ಬಗಲಾಗಿನ ಗಂಟೂ ತಗದೀವಿ, ಮ್ಯಾಲೆ ರೇಡಿಯೇಷನ್ ಬಿದ್ದದ. ನೀರು ಇಳಿಯೋ ಹಾದಿ ಕಟ್ಟೇದ. ಪಟ್ಟಿ ಕಟ್ರಿ, ಕೈ ಎತ್ತರಕ್ಕಿಟ್ಟು ಮಲಗ್ರಿ. ಕಡಿಮಿ ಆಗ್ತದ. ಪೂರಾ ಹೋಗ್ತದ ಅಂತ ಸುಳ್ಳು ಹೇಳೂದಿಲ್ಲ."

ಕೈ ಹಾಳಾಗಿ ಹೋಗಲಿ. "ಮಗಳನ್ನ ಎತ್ತಿಕೋಬಹುದೇನ್ರಿ?"

"ಎಡಗೈಲೆ ಎತ್ರಿ. ಎರಡೂ ಕೈಲೆ ಅಪ್ಪಿಕೊಳ್ರಿ."

ರೈಲಿನಲ್ಲಿ ಊರು ಬರುವತನಕ ಅಳುತ್ತಲೇ ಇದ್ದೆ. ನಮ್ಮವರು ಗಾಬರಿಯಾಗಿ ಚಹಾ ತಂದುಕೊಟ್ಟರು.

ಮನೆಗೆ ಬಂದವಳೇ ಕೈ ಚಾಚಿದೆ. ಶೋಭಾ ಅತ್ತೆಯ ಸೆರಗಿನ ಹಿಂದೆ ಸರಿದಳು. "ಬ್ಯಾಡಬೇ. ಕರೆಂಟ್ ಹೊಡೀತೈತಿ."

ಎದೆ ಒಡೆದುಹೋಯಿತು. ಕಲಿಸಿದವಳು ನಾನು, ಯಾರನ್ನು ಬೈಯಲಿ? ಬೆಲ್ಲ ತೋರಿಸಿದೆ, ಬರಲಿಲ್ಲ. ನಾಲ್ಕನೇ ದಿನ ಮುಂಜಾನೆ ಪಟ್ಟಿ ಬಿಚ್ಚಿ ಕಟ್ಟೆಯ ಮೇಲೆ ಕೈ ಚಾಚಿ ಕೂತಿದ್ದೆ. ಅವಳು ಮೆಲ್ಲಗೆ ಬಂದು, ಒಂದೇ ಬೆರಳು ತಾಗಿಸಿ ಥಟ್ಟನೆ ಎಳೆದುಕೊಂಡಳು. ಬೆರಳು ನೋಡಿಕೊಂಡಳು. ಮತ್ತೆ ಮುಟ್ಟಿದಳು. ಅಂಗೈ ಇಟ್ಟಳು.

"ಆಯೀ, ನಮ್ಮವ್ವನ ಕರೆಂಟ್ ಹೋತು!" ಎಂದು ಅಜ್ಜಿಗೆ ಕೂಗಿ ಹೇಳಿದಳು.

ಓಣಿಗೆಲ್ಲ ಸಾರಿ ಬಂದಳು. ಕರೆಂಟು ಹೋದದ್ದಕ್ಕೆ ನಮ್ಮೂರಿನಲ್ಲಿ ಅಷ್ಟು ಖುಷಿ ಯಾರೂ ಪಟ್ಟಿರಲಿಕ್ಕಿಲ್ಲ. ಏದುಸಿರು ಬಿಡುತ್ತಲೇ ನನ್ನ ತೊಡೆ ಹತ್ತಿ, ಊದಿದ ಕೈಯ ಮೇಲೆಯೇ ತಲೆಯಿಟ್ಟು ಮಲಗಿದಳು.

ಭಾರಕ್ಕೆ ಕೈ ನೋಯಿತು. ಏಳು ಅನ್ನಲಿಲ್ಲ.