ಬೆಳ್ಳಿಗೆ ಒಂದು ಹನಿ ನೀಲಿ

ಚನ್ನಬಸಪ್ಪ ಸಾವ್ಕಾರರು ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಆ ಮನೆಯ ಚಿಲಕವನ್ನು. ಬಾಗಿಲಲ್ಲೇ ನಿಂತು ಅದನ್ನು ಬೆರಳಿನಿಂದ ಸವರಿ, ತಲೆ ಓರೆ ಮಾಡಿ ನೋಡಿ, 'ಇಲ್ಲಿ ಹೆಬ್ಬೆಟ್ಟು ಬೀಳ್ತೈತಿ, ಅದಕ್ಕ ಮಿಂಚತೈತಿ. ಈ ಮೂಲ್ಯಾಗ ಯಾರೂ ಮುಟ್ಟಂಗಿಲ್ಲ, ಅದಕ್ಕ ತುಕ್ಕು' ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಆಮೇಲೆ ಒಳಗೆ ಬರುವವರು. ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನವೂ ಹಾಗೇ ನಿಂತುಬಿಟ್ಟರು. ನನ್ನ ಅತ್ತೆಗೆ ಗಾಬರಿ. 'ಅವ್ರು ಎಂತ ನೋಡ್ತಾ ಇದ್ದ? ಬಾಗ್ಲು ಸರಿ ಇಲ್ಯ?' ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಬಾಗಿಲು ಸರಿಯಾಗಿಯೇ ಇತ್ತು. ಸಾವ್ಕಾರರು ತಮ್ಮ ರೋಬೋಟುಗಳಿಗೆ ಬಣ್ಣ ಹುಡುಕುತ್ತಿದ್ದರು.

ಶಿರಸಿಯ ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ, ಅದಕ್ಕೆ ಗೋಡೆ ಹಂಚಿಕೊಂಡ ಪಕ್ಕದ್ದು ನನ್ನ ಸ್ಟೇಷನರಿ ಅಂಗಡಿ. ಬನವಾಸಿ ಕಡೆಯ ವ್ಯಾಪಾರಸ್ಥರ ಮನೆತನ. ಅಜ್ಜನ ಕಾಲದಿಂದ ತಾಮ್ರ, ಹಿತ್ತಾಳೆ, ಸ್ಟೀಲು ಬಿಟ್ಟು ಬೇರೆ ಮಾರಿದವರಲ್ಲ. ಪೇಟೆಯ ಪಾತ್ರೆ ಅಂಗಡಿಗಳಲ್ಲೆಲ್ಲ ಪ್ಲಾಸ್ಟಿಕ್ ಬಕೆಟ್ಟು ತೂಗಿದರೂ ಇವರು ಒಂದು ಮಗ್ಗನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. 'ಬಡದ್ರ ಸಪ್ಪಳಾ ಬರಬೇಕು. ಸಪ್ಪಳಾ ಇಲ್ಲದ್ದು ಪಾತ್ರೆ ಅಲ್ಲ' ಎಂದು ಗಿರಾಕಿಗಳಿಗೆ ಉಪದೇಶ ಬೇರೆ. ಅಂಥವರು ಬಿಡುವಾದಾಗಲೆಲ್ಲ ಗಲ್ಲೆಯ ಹಿಂದೆ ಕೂತು ಮಾಡುತ್ತಿದ್ದ ಕೆಲಸವೆಂದರೆ ಪ್ಲಾಸ್ಟಿಕ್ ಆಟಿಕೆಗೆ ಬಣ್ಣ ಬಳಿಯುವುದು! ನಾನು ಕೆಣಕಿದರೆ ಮುಖ ಗಂಟಿಕ್ಕುತ್ತಿದ್ದರು.

ಶುರುವಾದದ್ದು ಹಾವೇರಿಯಿಂದ ರಜೆಗೆ ಬಂದ ಮಗಳ ಮನೆಯವರು ಮರೆತು ಹೋದ ಒಂದು ರೋಬೋಟಿನಿಂದ. ಕೆಂಪು ಎದೆ, ಹಳದಿ ಕಾಲು, ಗಿಣಿಹಸಿರು ತಲೆ. ಸಾವ್ಕಾರರಿಗೆ ಅದನ್ನು ನೋಡಿ ಮೈ ಉರಿಯಿತಂತೆ. 'ಕಬ್ಬಿಣದ ಮನಶ್ಯಾ ಅಂತಾರ, ಜಾತ್ರಿ ಮಿಠಾಯಿ ಆಗ್ಯಾನಲ್ಲ ತಂಗೆವ್ವಾ!' ಎನ್ನುತ್ತ ನನ್ನಂಗಡಿಗೆ ಬಂದು ಬೆಳ್ಳಿ ಬಣ್ಣದ ಸಣ್ಣ ಡಬ್ಬಿ ಒಯ್ದರು. ಮರುದಿನ ಆ ಗೊಂಬೆ ಮೋರಿಗೆ ಹಾಕಿದ ಪೈಪಿನಂತಾಗಿತ್ತು. ಅಷ್ಟಕ್ಕೆ ಬಿಡುವ ಜಾಯಮಾನ ಅವರದಲ್ಲ. ಕೆರೆದರು, ಮತ್ತೆ ಬಳಿದರು, ಮತ್ತೆ ಕೆರೆದರು. ಕಡೆಗೆ ಒಂದು ಪದ್ಧತಿ ಕೂಡಿಬಂತು. ಗೊಂಬೆಯನ್ನು ಸಾಬೂನಿನಲ್ಲಿ ತೊಳೆದು, ನುಣುಪು ಹೋಗುವಷ್ಟು ಪಾಲಿಶ್ ಕಾಗದದಿಂದ ತಿಕ್ಕಿ, ಮೊದಲು ಪೂರ್ತಿ ಕಪ್ಪು ಬಳಿಯುವುದು. ಒಣಗಿದ ಮೇಲೆ ಬ್ರಶ್ಶಿಗೆ ಬೆಳ್ಳಿ ಬಣ್ಣ ಹಚ್ಚಿ, ಅದನ್ನು ಹಳೆಯ ಪೇಪರಿಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ ಅಂಚುಗಳಿಗೆ ಸವರುವುದು. ಕೀಲುಗಳಿಗೆ ಪೆನ್ಸಿಲ್ ಪುಡಿ ತಿಕ್ಕುವುದು. ಕಂಕುಳಲ್ಲಿ ಸ್ವಲ್ಪ ಕೆಮ್ಮಣ್ಣು, ತುಕ್ಕಿನ ಲೆಕ್ಕಕ್ಕೆ. 'ಹೊಸಾ ಕಬ್ಬಿಣ ನೋಡಿದ್ರ ಸುಳ್ಳು ಅನಸ್ತೈತಿ. ದುಡದು ದುಡದು ಸವದದ್ದನ್ನ ಜನಾ ನಂಬ್ತಾರ' ಎನ್ನುವುದು ಅವರ ಸಿದ್ಧಾಂತ.

ಜನ ನಂಬಿದ್ದಂತೂ ನಿಜ. ನಿಲ್ಕುಂದದ ಗಣಪತಣ್ಣ ಅವರ ಕಾಯಂ ಗಿರಾಕಿ, ನಮಗೂ ದೂರದ ನೆಂಟ. ಒಮ್ಮೆ ಹಂಡೆ ಕೊಳ್ಳಲು ಬಂದವನು ಶೆಲ್ಫಿನ ಮೇಲಿದ್ದ ರೋಬೋಟನ್ನು ಕಂಡು, ಕಬ್ಬಿಣವೋ ಸೀಸವೋ ತೂಗಿಯೇ ನೋಡೋಣ ಎಂದ. ಸಾವ್ಕಾರರು ಗಂಭೀರವಾಗಿ ತಕ್ಕಡಿ ತೋರಿಸಿದರು. ಗಣಪತಣ್ಣ ಭಾರ ಎತ್ತುವವನ ಹಾಗೆ ಸೊಂಟ ಗಟ್ಟಿ ಮಾಡಿಕೊಂಡು ಎರಡೂ ಕೈಯಲ್ಲಿ ಗೊಂಬೆ ಹಿಡಿದು ಎತ್ತಿದ. ಅದು ಸುಂಯ್ಯೆಂದು ಹಣೆಗೇ ಬಂದು ಬಡಿಯಿತು. 'ತಂಗೀ, ಇದಕ್ಕೆ ತೂಕನೇ ಇಲ್ಲೆ!' ಎಂದು ನನ್ನಂಗಡಿಯ ಕಡೆ ತಿರುಗಿ ಕೂಗಿದ. ಸಾವ್ಕಾರರು ನಕ್ಕು ನಕ್ಕು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಆ ಸುದ್ದಿ ಸಿದ್ದಾಪುರದವರೆಗೂ ಹೋಗಿ, ಜನ ಕೈಕಾಲು ಮುರಿದ ರೋಬೋಟುಗಳನ್ನು ಚೀಲದಲ್ಲಿ ತಂದುಕೊಡತೊಡಗಿದರು.

ಆಮೇಲೆ ನನ್ನ ಮೇಲೆ ದೂರು ಶುರುವಾಯಿತು. 'ನಿನ್ನ ಬೆಳ್ಳಿ ಡಬ್ಬಿ ಹಳೇದೈತಿ ತಂಗೆವ್ವಾ, ಹಳದಿ ಬರಾಕತ್ತೈತಿ.' ಹೊಸ ಡಬ್ಬಿ ಕೊಟ್ಟೆ. ಅದೂ ಹಳದಿ. ಹುಬ್ಬಳ್ಳಿಯಿಂದ ಬೇರೆ ಕಂಪನಿಯದು ತರಿಸಿದೆ. ಅದೂ ಹಳದಿ. ನನಗೂ ಸಿಟ್ಟು ಬಂತು. ಅವರ ಎದುರೇ ಮುಚ್ಚಳ ತೆಗೆದು, ಬಿಳಿ ಕಾಗದದ ಮೇಲೆ ಬಳಿದು, 'ಎಲ್ಲಿದೆ ಸಾವ್ಕಾರ್ರೆ ಹಳದಿ?' ಎಂದೆ. 'ನಿನ್ನ ಕಾಗದಾನೂ ಹಳದೀನ ಐತಿ' ಎಂದು ಎದ್ದು ಹೋದರು. ಆಮೇಲೆ ತಮ್ಮದೇ ಉಪಾಯ ಹೂಡಿದರು. ಸುಣ್ಣ ಮಾಸಲಾದರೆ ಚಿಟಿಕೆ ನೀಲಿ ಕಲಸುವುದು, ಬಿಳಿ ಪಂಚೆಯನ್ನು ನೀಲಿ ನೀರಿನಲ್ಲಿ ಅದ್ದುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಅದೇ ಲೆಕ್ಕದಲ್ಲಿ ಬೆಂಕಿಕಡ್ಡಿಯ ತುದಿಯಿಂದ ಬೆಳ್ಳಿ ಬಣ್ಣಕ್ಕೆ ಒಂದು ಹನಿ ನೀಲಿ ಬಣ್ಣ ಬಿಡತೊಡಗಿದರು. 'ಈಗ ನೋಡು, ಸ್ವಚ್ಛ ಬೆಳ್ಳಿ.' ಕೆಲವು ತಿಂಗಳಲ್ಲಿ ಬೆಂಕಿಕಡ್ಡಿ ಹೋಗಿ ಚಮಚ ಬಂತು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಹೆಂಡತಿ ಗಿರಿಜಕ್ಕ ನನ್ನಂಗಡಿಗೆ ಬಂದರು. 'ಚಾ ಬಗ್ಗಸಿದ್ರ ಬಸಿ ಹೊರಗ ಬೀಳ್ತೈತಿ. ಮೆಟ್ಟಲಾ ತಡಕಾಡತಾರ. ಕಣ್ಣಿಗೆ ಏನೋ ಆಗೈತಿ ಅಂದ್ರ ಮೈಮ್ಯಾಲೆ ಬರ್ತಾರವಾ' ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಎದ್ದು ಪಾತ್ರೆ ಅಂಗಡಿಯ ಶೆಲ್ಫಿನ ಎದುರು ನಿಂತೆ. ರೋಬೋಟುಗಳು ಮಾಡಿದ ಕ್ರಮದಲ್ಲೇ ನಿಂತಿದ್ದವು. ಎಡಗಡೆಯವು ಥೇಟ್ ಕಬ್ಬಿಣ. ನಡುವಿನವು ತುಸು ನೀಲಿ. ಬಲತುದಿಯವು ನವಿಲಿನ ಕತ್ತು. ಡಬ್ಬಿಯ ಮೇಲೆ ಹಾಕಿದ ದೂರೆಲ್ಲ ಕಣ್ಣಿನದ್ದೆಂದು ಆಗ ತಿಳಿಯಿತು.

ತಿಳಿದರೇನು, ಹೇಳುವುದು ಹೇಗೆ? ನಾವಿಬ್ಬರೂ ಹೆದರಿದ್ದ ಮಾತನ್ನು ಗಣಪತಣ್ಣ ಏನೂ ಗೊತ್ತಿಲ್ಲದೆ ಆಡಿಬಿಟ್ಟ. ಕೊಡಪಾನ ಕೊಳ್ಳಲು ಬಂದವನು ಶೆಲ್ಫು ನೋಡಿ, 'ಸಾವ್ಕಾರ್ರೆ, ಈ ನೀಲಿದು ಚೊಲೋ ಕಾಣ್ತು. ಬೆಳ್ಳಿ ಬಿಟ್ಟು ನೀಲಿ ಶುರು ಮಾಡಿದ್ರಾ?' ಎಂದ.

'ಯಾವ್ದು ನೀಲಿ?'

'ಈ ಕಡೆಯವೆಲ್ಲಾ ನೀಲಿಯೇ ಅಲ್ದಾ?'

ಸಾವ್ಕಾರರು ಪಕ್ಕದ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಕೈಯಲ್ಲಿದ್ದ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೆಳಗಿಟ್ಟರು. ಸಂಜೆ ಅಂಗಡಿ ಮುಚ್ಚುವಾಗ ನನ್ನನ್ನು ಕರೆದರು. 'ನಮ್ಮಪ್ಪಗೂ ಹಿಂಗ ಆಗಿತ್ತು. ಆಪರೇಷನ್ ಮಾಡಸ್ಕೊಂಡ ಮ್ಯಾಲೆ ಇದ್ದಷ್ಟೂ ಹೋತು. ಸಾಯೂತನಾ ಗ್ವಾಡಿ ಹಿಡಕೊಂಡ ಅಡ್ಡಾಡಿದ. ನನಗ ಅದರದ್ದ ಅಂಜಿಕಿ, ತಂಗೆವ್ವಾ.' ಅಷ್ಟು ಜೋರಿನ ಮನುಷ್ಯ ಅಂಜಿಕೆ ಎಂಬ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. 'ನಾನೂ ಬರ್ತೇನೆ, ಹೋಗಿ ತೋರಿಸ್ಕೊಂಡಾದ್ರೂ ಬರೋಣ' ಎಂದೆ. 'ನೀ ಬಂದ್ರ ಅಂಗಡಿ?' ಎಂದರು. 'ಹಳದಿ ಡಬ್ಬಿ ಕೊಳ್ಳೋರು ಯಾರಿದ್ದಾರೆ?' ಎಂದೆ. ಸ್ವಲ್ಪ ನಕ್ಕರು.

ಹುಬ್ಬಳ್ಳಿಯ ಡಾಕ್ಟರಮ್ಮ ನೋಡಿ, ಪೊರೆ ಹಳದಿಯಾಗಿ ಬೆಳೆದಿದೆ, ಅದಕ್ಕೇ ಲೋಕವೆಲ್ಲ ಹಳದಿ ಕಂಡಿದೆ ಎಂದರು. ಅಪ್ಪನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಈಗಿನ ಆಪರೇಷನ್ನು ಹೇಗಿರುತ್ತದೆಂದು ಬಿಡಿಸಿ ಹೇಳಿದರು. ಮೊದಲು ಒಂದು ಕಣ್ಣಿಗೆಂದು ಸಾವ್ಕಾರರು ಒಪ್ಪಿದರು. ಒಳಗೆ ಹೋಗುವಾಗ ಗಿರಿಜಕ್ಕನ ಕೈಯನ್ನು ಎಲ್ಲರೆದುರೇ ಹಿಡಿದುಕೊಂಡಿದ್ದರು. ನಾನು ಗೊತ್ತಿದ್ದ ದೇವರನ್ನೆಲ್ಲ ನೆನೆದು ಮಾರಿಕಾಂಬೆಗೆ ಉಡಿ ತುಂಬುವ ಹರಕೆಯನ್ನೂ ಹೊತ್ತೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಸಾವ್ಕಾರರು ಕಣ್ಣು ಪಿಳುಕಿಸಿದರು. ಅವರು ಮಂಚದ ಕಂಬಿಯನ್ನು ಬೆರಳಿನಿಂದ ಸವರಿ, ಬಗ್ಗಿ ನೋಡಿ, 'ಸ್ಟೀಲು. ಬೆಳ್ಳಗೈತಿ. ಇಲ್ಲಿ ಯಾರೋ ಉಂಗುರಾ ತಾಗಿಸಿ ಗೀರ್ಯಾರ' ಎಂದರು. ಗಿರಿಜಕ್ಕ ಅತ್ತೇಬಿಟ್ಟರು. ಎದೆಯ ಮೇಲಿನ ಕಲ್ಲು ಇಳಿಯುವುದೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಆಸ್ಪತ್ರೆಯ ಕ್ಯಾಂಟೀನಿನ ನೀರು ಚಹಾ ಕೂಡ ರುಚಿಯಾಗಿತ್ತು.

ಅಂಗಡಿಗೆ ಮರಳಿ ಶೆಲ್ಫು ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಏನ್ ಬಳದೇನಲೇ ಇದನ್ನ! ಯಾರೂ ಹೇಳಲಿಲ್ಲಲ್ಲ!' ನೀಲಿಯವನ್ನು ಗಣಪತಣ್ಣ ಕೇಳಿದರೂ ಕೊಡಲಿಲ್ಲ. ಅವು ಹಾಗೇ ಊರು ಸುತ್ತಿದರೆ ತಮ್ಮ ಮಾನ ಹೋಗುತ್ತದಂತೆ. ಎರಡನೇ ಕಣ್ಣೂ ಆದಮೇಲೆ ಎಲ್ಲವನ್ನೂ ಕೆರೆದು ಹೊಸದಾಗಿ ಬಳಿದರು. ನನ್ನ ಡಬ್ಬಿಯ ಬಣ್ಣ ಚೆನ್ನಾಗಿದೆ ಎಂದು ಮಾತ್ರ ಒಂದು ಸಲವೂ ಅನ್ನಲಿಲ್ಲ.

ಕಳೆದ ವರ್ಷ ಅಂಗಡಿಯನ್ನು ತಮ್ಮನ ಮಗನಿಗೆ ವಹಿಸಿ, ಮಗಳಿರುವ ಹಾವೇರಿಗೇ ಹೊರಟರು. ರೋಬೋಟುಗಳನ್ನು ಹಂಡೆಯೊಳಗೆ ಹುಲ್ಲು ಹಾಸಿ ತುಂಬಿದ್ದರು. ಬಸ್‌ಸ್ಟ್ಯಾಂಡಿಗೆ ಕಳಿಸಲು ನಾನೂ ಹೋಗಿದ್ದೆ. ಬಸ್ಸು ಇನ್ನೂ ತಿರುವಿನಲ್ಲಿದ್ದಾಗಲೇ ಬೋರ್ಡು ಓದಿ, 'ನಮ್ದ ಬಂತು, ಏಳ' ಎಂದು ಗಿರಿಜಕ್ಕನನ್ನು ಎಬ್ಬಿಸಿದರು. ನನಗೆ 'ಬರ್ತೇನಿ' ಎಂದಷ್ಟೇ ಹೇಳಿ ಹತ್ತಿದರು. ಬಸ್ಸು ಹಿಂದೆ ಸರಿದು ತಿರುಗಿ ಗೇಟಿನ ಕಡೆ ಹೋಯಿತು. ಇಷ್ಟು ದೂರದಿಂದ ಯಾರಿಗೆ ಕಾಣುತ್ತದೆಂದು ನಾನು ಕಂಬದ ಪಕ್ಕ ನಿಂತು ಸೆರಗಿನಿಂದ ಮೆಲ್ಲಗೆ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಕಿಟಕಿಯಿಂದ ಒಂದು ಬಿಳಿ ಟೊಪ್ಪಿಗೆ ಹೊರಬಂತು. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡುವಷ್ಟು ಜೋರಾಗಿ ಸಾವ್ಕಾರರು ಕೂಗಿದರು:

'ಅಳಬ್ಯಾಡ ತಂಗೆವ್ವಾ, ಎಲ್ಲಾ ಕಾಣಾಕತ್ತೈತಿ!'