ದವಾಖಾನೆಗೆ ಕಟ್ಟಿದ ಚೀಲ

ನನ್ನ ಮೊದಲ ಕೂಸು ಒಂದು ಅಂಗಿಯ ದೆಸೆಯಿಂದ ಸತ್ತಿತು ಎಂದು ಭಂಕೂರಿನ ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ್ದರು. ನಂಬಿಸಿದವರು ನನ್ನ ಅತ್ತೆ. ಅಂಗೈ ಅಗಲದ ಬಿಳಿ ಮಲ್ ಬಟ್ಟೆಯ ಅಂಗಿ ಅದು, ಬೆನ್ನಿಗೆ ಎರಡು ಕಸೆ. ಬಸುರಿಯಾಗಿದ್ದಾಗ ಮಧ್ಯಾಹ್ನ ಅತ್ತೆ ಅಡ್ಡಾದ ಹೊತ್ತಿನಲ್ಲಿ, ಕೈಸೂಜಿಯಿಂದ ನಾನೇ ಹೊಲಿದು ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಹುಟ್ಟದ ಕೂಸಿಗೆ ಬಟ್ಟೆ ಮಾಡಬಾರದು ಎಂಬುದು ನನಗೂ ಗೊತ್ತಿತ್ತು. ಆದರೂ ಹೊಲಿದಿದ್ದೆ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಚೊಚ್ಚಿಲ ಹೆರಿಗೆ ತವರಿನಲ್ಲಾಗಬೇಕು. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದಳು. ಸೇಡಂ ಕಡೆಯ ಹಳ್ಳಿಯಲ್ಲಿ ಅಪ್ಪ ಒಬ್ಬನೇ, ತನ್ನ ಅಣ್ಣನ ಮನೆಯಲ್ಲಿ ಉಣ್ಣುತ್ತಿದ್ದ. ಬಾಣಂತನಕ್ಕೆ ಕರೆಯಲಾಗದೆ ಒಂದು ಚೀಲ ತೊಗರಿಬೇಳೆ ಕಳಿಸಿ ಸುಮ್ಮನಾದ. ಹೀಗಾಗಿ ಗಂಡನ ಮನೆಯಲ್ಲೇ ಹೆರಬೇಕಾಯಿತು. ಮನೆಯಲ್ಲಿ ಇದ್ದವರು ನಾವು ಮೂವರೇ: ನಾನು, ಗಂಡ, ಅತ್ತೆ. ನಾದಿನಿಯನ್ನು ಚಿಕ್ಕ ವಯಸ್ಸಿಗೇ ಚಿಂಚೋಳಿಗೆ ಕೊಟ್ಟಿದ್ದರು. ಗಂಡ ಶಹಾಬಾದಿನ ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಪರ್ಸಿಕಲ್ಲು ನುಣುಪು ಮಾಡುವ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಮನೆಗೆ ಬಂದಾಗ ರೆಪ್ಪೆಗೂದಲಿಗೆಲ್ಲ ಬೂದಿಬಣ್ಣದ ಪುಡಿ ಮೆತ್ತಿರುತ್ತಿತ್ತು. ಅತ್ತೆ ಅದೇ ಮನೆಯ ಒಳಕೋಣೆಯಲ್ಲಿ ತಮ್ಮ ಮಕ್ಕಳನ್ನೆಲ್ಲ ಹೆತ್ತವರು. ಅದು ಅವರಿಗೆ ದೊಡ್ಡ ಹೆಮ್ಮೆ.

ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಹೋದಳು. ಕೂಸು ಸರಿಯಾಗಿ ಇಳಿಯುತ್ತಿಲ್ಲ, ತನ್ನ ಕೈಯಲ್ಲಿ ಆಗದು, ಶಹಾಬಾದಿಗೆ ಒಯ್ಯಿರಿ ಎಂದು ಅವಳು ಹೇಳಿದ್ದು ಒಳಗೆ ಬಿದ್ದಿದ್ದ ನನಗೆ ಕೇಳಿಸಿತು. ಬಾಜೂಮನೆಯವರು ತಾವಾಗಿಯೇ ಗಾಡಿ ಹೂಡಿ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದರು. ಎತ್ತುಗಳ ಕೊರಳ ಗಂಟೆಯೂ ನನಗೆ ಕೇಳುತ್ತಿತ್ತು. ಆಗ ಅತ್ತೆ ಹೇಳಿದರು:

"ನಮ್ಮ ಮನಿ ಹೆಣ್ಮಕ್ಳು ಯಾರೂ ದವಾಖಾನಿ ಮೆಟ್ಲ ಏರಿಲ್ಲ. ಈಕಿನೂ ಏರೂದಿಲ್ಲ."

ಗಂಡ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅವರು ಒಂದು ಮಾತು ಆಡುತ್ತಾರೆ ಎಂದು ನಾನು ಕಾಯುತ್ತಿದ್ದೆ. ನೋವಿನ ನಡುವೆಯೂ ಕಿವಿ ಅಲ್ಲೇ ಇತ್ತು. ಅವರು ಆಡಲಿಲ್ಲ. ಹೂಡಿದ ಗಾಡಿ ಹೊತ್ತು ಇಳಿಯುವವರೆಗೆ ಬಾಗಿಲಲ್ಲಿ ನಿಂತಿತ್ತು. ಆಮೇಲೆ ಬಾಜೂಮನೆಯವರು ಎತ್ತು ಬಿಚ್ಚಿಕೊಂಡು ಹೋದರು. ದೀಪ ಹಚ್ಚುವಾಗ ಕೂಸು ಹೊರಬಂತು. ಗಂಡುಮಗು. ತಲೆತುಂಬ ಕೂದಲು, ಮೈ ನೀಲಿ, ಕೊರಳಿಗೆ ಹೊಕ್ಕುಳಬಳ್ಳಿ ಬಿಗಿದಿತ್ತು. ಅಳಲಿಲ್ಲ.

ಮೂರನೆಯ ದಿನ ಓಣಿಯ ಹೆಂಗಸರು ಸಮಾಧಾನ ಹೇಳಲು ಬಂದರು. ಎದೆಯಲ್ಲಿ ಹಾಲು ತುಂಬಿ ಕಲ್ಲಾಗಿತ್ತು. ಅರಿವೆಯಿಂದ ಬಿಗಿಯಾಗಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತಿದ್ದೆ. ಅತ್ತೆ ನನ್ನ ಟ್ರಂಕು ತೆಗೆದು ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರಿ, ಹುಟ್ಟೂಕಿಂತ ಮದ್ಲೇ ಅಂಗಿ ಹೊಲ್ಕೊಂಡು ಕುಂತಿದ್ಳು. ಉಳೀತದೇನ್ರಿ ಕೂಸು?"

ಹೆಂಗಸರು ಲೊಚಗುಟ್ಟಿದರು. ಗಾಡಿಯ ಮಾತು ಯಾರೂ ಎತ್ತಲಿಲ್ಲ. ಬಾಜೂಮನೆಯ ಗಾಡಿಯವರ ಹೆಂಡತಿಯೂ ಅಲ್ಲೇ ಇದ್ದಳು. ಅವಳು ನೆಲ ನೋಡುತ್ತ ಕೂತಿದ್ದಳು. ಅಂದು ನನ್ನೊಳಗೆ ಹುಟ್ಟಿದ ಸಿಟ್ಟು ಅಳುವಿಗಿಂತ ದೊಡ್ಡದಿತ್ತು. ಅಳು ಕೆಲವು ತಿಂಗಳಲ್ಲಿ ನಿಂತಿತು, ಸಿಟ್ಟು ನಿಲ್ಲಲಿಲ್ಲ.

ಒಂದೆರಡು ವರ್ಷದ ಮೇಲೆ ಮತ್ತೆ ಬಸುರಿಯಾದೆ. ಈ ಸಲ ಸಂತೆಯ ನೆವ ಮಾಡಿಕೊಂಡು ಶಹಾಬಾದಿನ ದವಾಖಾನೆಗೆ ಹೋಗಿ ಬಂದೆ. ಅಲ್ಲಿಯ ನರ್ಸ್ ಹೊಟ್ಟೆ ಮುಟ್ಟಿ ನೋಡಿ, ಹೆರಿಗೆಗೆ ಬರುವಾಗ ಏನೇನು ತರಬೇಕು ಎಂದು ಗಡಸು ದನಿಯಲ್ಲಿ ಹೇಳಿದಳು. ಮಂಚಕ್ಕೆ ಹಾಸಲು ಇಲ್ಲಿ ಏನೂ ಇಲ್ಲ, ಮೆತ್ತನೆಯ ಹಳೇ ಅರಿವೆ ಕುದಿಸಿ ಬಿಸಿಲಿಗೆ ಒಣಗಿಸಿ ತಾ, ಕೂಸಿಗೆ ಅಂಗಿ, ಟೊಪ್ಪಿಗೆ, ಸುತ್ತಲು ಕೌದಿ, ನಿನಗೆ ಸೀರೆ, ಕುಪ್ಪಸ, ಒಂದು ತಂಬಿಗೆ, ಚಮಚ, ಸಾಬೂನು, ಎಣ್ಣೆ. ನೋವು ಬಂದ ಮೇಲೆ ಹುಡುಕಾಡುತ್ತ ಕೂರಬೇಡ, ಮೊದಲೇ ಚೀಲ ಕಟ್ಟಿಡು ಎಂದಳು.

ಗಂಡನ ಖಾಕಿ ಪ್ಯಾಂಟು ಮೊಣಕಾಲಲ್ಲಿ ಹರಿದು ಮೂಲೆ ಸೇರಿತ್ತು. ಅದರ ಗಟ್ಟಿ ಭಾಗ ಕತ್ತರಿಸಿ ಚೀಲ ಹೊಲಿದೆ, ಹೆಗಲಿಗೆ ಹಾಕಲು ಪಟ್ಟಿ ಹಚ್ಚಿದೆ. ಈ ಸಲ ಕದ್ದು ಹೊಲಿಯಲಿಲ್ಲ. ಪಡಸಾಲೆಯ ನಡುವೆ, ಬಾಗಿಲು ತೆರೆದಿಟ್ಟುಕೊಂಡು, ಹೋಗುವವರಿಗೆ ಬರುವವರಿಗೆ ಕಾಣುವ ಹಾಗೆ ಕೂತು ಹೊಲಿದೆ. ಬಸುರಿ ಹೆಂಗಸು ತನ್ನ ಕೂಸಿನ ಬಟ್ಟೆ ಮಡಚುವಾಗ ತನ್ನಷ್ಟಕ್ಕೆ ನಗುತ್ತಾಳೆ ಎಂದು ಜನ ತಿಳಿದಿರುತ್ತಾರೆ. ನಾನು ಹಲ್ಲು ಕಚ್ಚಿ ಮಡಚುತ್ತಿದ್ದೆ. ನನ್ನ ಹಳೇ ಸೀರೆ, ಗಂಡನ ಹಳೇ ಧೋತರ ಕುದಿಸಿ, ಒಣಗಿಸಿ, ಹರಿದು, ಒಂದರ ಮೇಲೊಂದು ಪೇರಿಸಿದೆ. ಮೂರು ಹೊಸ ಅಂಗಿ ಹೊಲಿದೆ. ಕಟಕು ರೊಟ್ಟಿಯ ಗಂಟು, ಅಜವಾನ, ಬೆಲ್ಲ ಒಂದು ಪಕ್ಕಕ್ಕೆ ಇಟ್ಟೆ. ಚೀಲವನ್ನು ತಲಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದೆ.

ಮರುದಿನ ನೋಡಿದರೆ ಚೀಲ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಬಿದ್ದಿತ್ತು. ತಂದು ಮತ್ತೆ ಗೂಟಕ್ಕೆ ಹಾಕಿದೆ. ಅತ್ತೆ ಮತ್ತೆ ತೆಗೆದರು, ನಾನು ಮತ್ತೆ ಹಾಕಿದೆ. ಎಷ್ಟೋ ದಿನ ಒಂದೇ ಒಲೆಯ ಮೇಲೆ ಬೇಯಿಸಿ, ಒಂದೇ ಬುಟ್ಟಿಯ ರೊಟ್ಟಿ ತಿಂದು, ಮಾತಿಲ್ಲದೆ ಇದೇ ಜಗಳ ಆಡಿದೆವು. ಗಂಡ ಬರುವಾಗ ಹೋಗುವಾಗ ಆ ಗೂಟದ ಕಡೆ ನೋಡುತ್ತಲೇ ಇರಲಿಲ್ಲ.

ಒಂದು ದಿನ ಕಲ್ಲು ತೆಗೆಯುವ ಖಣಿಯ ನೀರಿನಲ್ಲಿ ಬಟ್ಟೆ ಒಗೆದುಕೊಂಡು ಬಂದೆ. ಗೂಟದಲ್ಲಿ ಚೀಲ ಇತ್ತು, ಆದರೆ ಸಪ್ಪಗೆ ಜೋತುಬಿದ್ದಿತ್ತು. ಹಿತ್ತಲಿನಿಂದ ಅರಿವೆ ಸುಟ್ಟ ವಾಸನೆ ಬರುತ್ತಿತ್ತು. ಅತ್ತೆ ನೀರೊಲೆಯ ಮುಂದೆ ಕೂತು ಕೋಲಿನಿಂದ ಉರಿ ಕೆದರುತ್ತಿದ್ದರು. ಮೂರು ಅಂಗಿಯೂ ಅದರಲ್ಲಿ ಹೋಗಿದ್ದವು. ನನ್ನನ್ನು ನೋಡಿ, ನಿನ್ನ ಒಳ್ಳೆಯದಕ್ಕೇ ಮಾಡಿದೆ, ಈ ಕೂಸಾದರೂ ಉಳಿಯಲಿ ಎಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ನನಗೆ ತಡೆಯಲಾಗದೆ ಹೋದದ್ದು ಅದೇ.

"ಕೂಸಿನ್ನ ಕೊಂದಿದ್ದು ಅಂಗಿ ಅಲ್ರಿ," ಎಂದೆ. "ಗಾಡಿ ಹೂಡಿ ನಿಂತಿತ್ತು. ನೀವು ಬಿಡಲಿಲ್ಲ. ನೀವು ಕೊಂದ್ರಿ."

ಅತ್ತೆ ಕೈಯ ಕೋಲು ಬಿಸಾಕಿದರು. ಆಮೇಲೆ ಎದೆ ಬಡಿದುಕೊಂಡು ಅಳತೊಡಗಿದರು. ಸಂಜೆ ಮಗ ಬಂದ ಮೇಲೆ ಎಲ್ಲವನ್ನೂ ಹೇಳಿ ಮತ್ತೊಮ್ಮೆ ಅತ್ತರು. ಗಂಡ ಕೈಕಾಲು ತೊಳೆದುಕೊಂಡು ನನ್ನ ಹತ್ತಿರ ಬಂದು, ಅವ್ವನಿಗೆ ಹಾಗೆ ಅನ್ನಬಾರದಿತ್ತು ಎಂದರು. ವರ್ಷಗಟ್ಟಲೆ ಬಾಯಿ ಬಿಡದವರು ಬಾಯಿ ಬಿಟ್ಟದ್ದು ಇದಕ್ಕೆ. ನಾನು ಅವರಿಗೂ ಹೇಳಿದೆ:

"ನೀವು ಕಟ್ಟಿ ಮ್ಯಾಲ ಕುಂತಿದ್ರಿ. ನೀವೂ ಗಾಡಿ ನೋಡಿದ್ರಿ."

ಮಾರನೇ ದಿನ ಶಹಾಬಾದಿನ ಬಜಾರಿನಿಂದ ಒಂದು ತುಂಡು ಮಲ್ ಬಟ್ಟೆ ತಂದು ನನ್ನ ಪಕ್ಕ ಇಟ್ಟು ಹೋದರು. ಯಾರಾದರೂ ಕೇಳಿದರೆ ಒಳ್ಳೆಯ ಗಂಡ ಎನ್ನುತ್ತಾರೆ. ನನಗೆ ಬೇಕಾಗಿದ್ದು ಬಟ್ಟೆಯಲ್ಲ. ಅವರ ತಾಯಿಯ ಎದುರಿಗೆ ಅವರು ಆಡುವ ಒಂದು ಮಾತು ಬೇಕಾಗಿತ್ತು. ಆದರೂ ಬಟ್ಟೆ ಬಿಡಲಿಲ್ಲ. ಅದನ್ನು ಕತ್ತರಿಸಿ ಮತ್ತೆ ಅಂಗಿ ಹೊಲಿದೆ, ಚೀಲ ತುಂಬಿಸಿದೆ, ಈ ಸಲ ಮಲಗುವಾಗ ತಲೆಗೆ ದಿಂಬಾಗಿ ಇಟ್ಟುಕೊಂಡೆ.

ನೋವು ಬಂದದ್ದು ಬಿಸಿಲು ಏರಿದ ಹೊತ್ತಿನಲ್ಲಿ. ಗಂಡ ಕೆಲಸಕ್ಕೆ ಹೋಗಿದ್ದರು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಅತ್ತೆ ಹೊಸ್ತಿಲಲ್ಲಿ ನಿಂತು, ಸೂಲಗಿತ್ತಿಯನ್ನು ಕರೆಸುತ್ತೇನೆ, ಒಳಗೆ ಬಾ ಎಂದರು. ನಾನು "ಬಾಜೂಕ ಸರೀರಿ" ಎಂದಷ್ಟೇ ಹೇಳಿದೆ. ಅವರು ನನ್ನ ಮುಖ ನೋಡಿ ಸರಿದರು.

ಅಂಗಳ ದಾಟುವಾಗ ಗಾಡಿಯವರ ಹೆಂಡತಿ ತನ್ನ ಮನೆಯಿಂದ ಹೊರಬಂದಳು. ಅವರ ಎತ್ತುಗಳು ಅಂದು ಹೊಲಕ್ಕೆ ಹೋಗಿದ್ದವು. ಏನೂ ಕೇಳದೆ ನನ್ನ ಹೆಗಲಿನ ಚೀಲ ತೆಗೆದುಕೊಂಡು ತಾನು ಹಾಕಿಕೊಂಡಳು. ಇಬ್ಬರೂ ರಸ್ತೆಯವರೆಗೆ ನಡೆದೆವು. ಪರ್ಸಿ ಹೇರಿಕೊಂಡು ಶಹಾಬಾದಿಗೆ ಹೊರಟಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ಅವಳೇ ಡ್ರೈವರನಿಗೆ ಹೇಳಿ ನನ್ನನ್ನು ಹತ್ತಿಸಿದಳು. ಕಲ್ಲಿನ ಚಪ್ಪಡಿಗಳ ಮೇಲೆ ಕೌದಿ ಹಾಸಿ ಕೂತೆ. ಪ್ರತಿ ಕುಣಿಗೂ ಬೆನ್ನು ಮುರಿದಂತಾಗುತ್ತಿತ್ತು. ಆ ರಸ್ತೆ ಮಾಡಿಸಿದವರನ್ನು, ಮಾಡಿಸದವರನ್ನು, ಕಟ್ಟೆ ಮೇಲೆ ಕೂತ ಗಂಡನನ್ನು, ಹೆಣ್ಣಾಗಿ ಹುಟ್ಟಿಸಿದ ದೇವರನ್ನು ಬಾಯಿಗೆ ಬಂದ ಹಾಗೆ ಬೈದೆ. ಗಾಡಿಯವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಬೈಯಿ, ಇನ್ನೂ ಬೈಯಿ ಎನ್ನುತ್ತಿದ್ದಳು.

ದವಾಖಾನೆ ಸ್ವರ್ಗವಾಗಿರಲಿಲ್ಲ. ನನ್ನ ಪಕ್ಕದ ಮಂಚದಲ್ಲಿ ಖಣಿಯಲ್ಲಿ ಕೆಲಸ ಮಾಡುವ ಒಬ್ಬ ಲಂಬಾಣಿ ಹೆಂಗಸು ಇದ್ದಳು. ಕೆಲಸದ ಜಾಗದಿಂದಲೇ ನೋವು ತಿನ್ನುತ್ತ ನಡೆದು ಬಂದಿದ್ದಳಂತೆ. ಕೈಯಲ್ಲಿ ಒಂದು ಚಿಂದಿಯೂ ಇರಲಿಲ್ಲ. ನರ್ಸ್ ಅವಳನ್ನು, ಬರಿಗೈಯಲ್ಲಿ ಹಡೆಯಲು ಬಂದಿದ್ದೀಯಾ, ನಾಚಿಕೆ ಇಲ್ಲವಾ ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಹಂಗಿಸುತ್ತಿದ್ದಳು. ನನ್ನ ಚೀಲದ ಅರಿವೆಗಳಲ್ಲಿ ಅರ್ಧವನ್ನು, ಒಂದು ಅಂಗಿಯನ್ನು ಅವಳ ಮಂಚಕ್ಕೆ ಕೊಡಿಸಿದೆ. ಹೊಟ್ಟೆಪಾಡಿಗೆ ಬಂಡೆ ಒಡೆಯುವವಳು ಎಲ್ಲಿಂದ ಚೀಲ ಕಟ್ಟಿಕೊಂಡು ಬರಬೇಕು? ನನ್ನ ಸರದಿ ಬಂದಾಗ ಅದೇ ನರ್ಸ್, ಕಿರುಚಬೇಡ ಎಂದು ತೊಡೆಗೆ ಫಟ್ಟನೆ ಹೊಡೆದಳು. ನಾನು ಅವಳ ಕೈ ಹಿಡಿದೆ.

"ಹೊಡೀಬ್ಯಾಡ್ರಿ. ನಾ ಹಡೀಲಿಕ್ಕ ಬಂದೀನಿ, ಹೊಡಸ್ಕೊಳ್ಳಲಿಕ್ಕ ಅಲ್ಲ."

ಅವಳು ಕೈ ಬಿಡಿಸಿಕೊಂಡಳು. ಮತ್ತೆ ಹೊಡೆಯಲಿಲ್ಲ.

ಡಾಕ್ಟರಮ್ಮ ಬಂದರು. ಕೂಸಿನ ತಲೆ ಹೊರಬಂದಾಗ, ಕೊರಳಿಗೆ ಬಳ್ಳಿ ಸುತ್ತಿದೆ, ತಿಣುಕಬೇಡ, ತಡಿ ಎಂದರು. ಅವರು ಒಂದು ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿನಿಂದ ಜಾರಿಸಿ ತೆಗೆದರು. ಅಷ್ಟೇ. ಕೊರಳಿನ ಸರ ತೆಗೆದಷ್ಟು ಹೊತ್ತೂ ಹಿಡಿಯಲಿಲ್ಲ. ಕೂಸು ಹೊರಬಂದು ಕಿಟಾರನೆ ಅತ್ತಿತು. ಹೆಣ್ಣು.

ನನಗೂ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಡಾಕ್ಟರಮ್ಮ ತಿಳಿದರು. ಇಷ್ಟೇನಾ, ಇಷ್ಟೇ ಇತ್ತಾ ಮಾಡಬೇಕಾಗಿದ್ದು ಎಂದು ನಾನು ಅಳುತ್ತಿದ್ದೆ. ಎಲ್ಲ ಕೂಸಿಗೂ ಇಷ್ಟು ಸುಲಭವಾಗಿ ಆಗುವುದಿಲ್ಲ, ಮೊದಲಿನದು ದವಾಖಾನೆಯಲ್ಲೂ ಉಳಿಯದೆ ಹೋಗಬಹುದಿತ್ತು ಎಂದು ಈಗ ನನಗೆ ತಿಳಿದಿದೆ. ಆದರೆ ಒಂದು ಬೆರಳಾದರೂ ಅದರ ಕಡೆ ಚಾಚಬೇಕಿತ್ತು.

ಸಂಜೆ ಗಂಡ ಕಲ್ಲಿನ ಪುಡಿಯ ತಲೆಯಲ್ಲೇ ಓಡಿ ಬಂದರು. ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತರು. ಮರುದಿನ ಅತ್ತೆ ಬಿಸಿರೊಟ್ಟಿ, ಅಜವಾನದ ನೀರು ಹಿಡಿದು ಬಂದರು. ಮೆಟ್ಟಿಲು ಏರಿಯೇ ಬಂದರು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಅಂಗಿ ಸಡಿಲಾಗಿದೆ ಎಂದರು.

ಕೆಲವು ವರ್ಷದ ಮೇಲೆ ಚಿಂಚೋಳಿಗೆ ಕೊಟ್ಟ ನಾದಿನಿ ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಳು. ಅವಳು ಬಂದ ವಾರದಲ್ಲೇ ಅತ್ತೆ ನಾನು ರೊಟ್ಟಿ ಬಡಿಯುವಲ್ಲಿಗೆ ಬಂದು ಕೂತು, ದನಿ ತಗ್ಗಿಸಿ, "ಆಕಿಗೂ ಒಂದು ಚೀಲ ಕಟ್ಟಿಕೊಡು" ಎಂದರು. ಮಗಳು ಎಂದಾಗ ಎಲ್ಲ ಗೊತ್ತಾಗುತ್ತದೆ. ದವಾಖಾನೆಯ ದಾರಿಯೂ ಗೊತ್ತಾಗುತ್ತದೆ, ಚೀಲವೂ ಬೇಕಾಗುತ್ತದೆ. ನನ್ನ ಕೂಸಿನ ಪಾಲಿಗೆ ಮಾತ್ರ ಮನೆತನದ ಮರ್ಯಾದೆ.

"ಕೂಸಿಗಿ ಅಂಗಿ ಹಾಕ್ಲೇನ್ರಿ ಅದ್ರಾಗ?" ಎಂದು ಕೇಳಿದೆ.

ಅತ್ತೆ ಎದ್ದು ಹಿತ್ತಲಿಗೆ ಹೋದರು.

ಚೀಲ ಕಟ್ಟಿದೆ. ನಾದಿನಿಯದು ಏನು ತಪ್ಪಿತ್ತು? ಅವಳಿಗೆ ಗಂಡುಮಗುವಾಯಿತು, ತಾಯಿ ಮಗು ಚೆನ್ನಾಗಿದ್ದರು. ಅತ್ತೆ ಬಹಳ ವರ್ಷ ಬದುಕಿದರು. ಕೊನೆಗೆ ಹಾಸಿಗೆ ಹಿಡಿದಾಗ ನಾನೇ ಉಣಿಸಿದೆ, ನಾನೇ ತೊಳೆದೆ. ಗಾಡಿ ಬಾಗಿಲಲ್ಲಿ ನಿಂತ ಆ ದಿನದ ಬಗ್ಗೆ ಅವರು ಒಂದು ಮಾತೂ ಆಡದೆ ಹೋದರು. ಸೇವೆ ಮಾಡಿದರೆ ಸಿಟ್ಟು ಕರಗುತ್ತದೆ ಎಂದು ಹೇಳುವವರು ನನ್ನ ಮುಂದೆ ಹೇಳುವುದು ಬೇಡ.

ಮಗಳು ಈಗ ಮೂರು ಮಕ್ಕಳ ತಾಯಿ. ಮದುವೆ ಮುಂಜಿಯಲ್ಲಿ ಸಿಕ್ಕ ನೆಂಟರು ಅವಳನ್ನು ತೋರಿಸಿ, ಈಕೆ ನಿಮ್ಮ ಹಿರಿಯಳಲ್ಲವೇ ಎಂದು ಕೇಳುತ್ತಾರೆ. ಗಂಡ ಪಕ್ಕದಲ್ಲಿದ್ದರೆ ಹೌದು ಎನ್ನಲು ಬಾಯಿ ತೆರೆಯುತ್ತಾರೆ. ಅಷ್ಟರೊಳಗೆ ನಾನು ಹೇಳುತ್ತೇನೆ:

"ಅಲ್ರಿ, ಈಕಿ ಎರಡನೇದಾಕಿ."